ಒದ್ದೆಯಾದರೆ ಕೂಗುವ ಪೆಟ್ಟಿಗೆ

ಆ ದಿನ ಬೆಳಿಗ್ಗೆಯೂ ಪೆಟ್ಟಿಗೆ ಕೂಗಲಿಲ್ಲ. ಕಿನುಯೆ ಎದ್ದು ಅನ್ನಕ್ಕಿಟ್ಟಳು. ಮಿಸೊ ಸಾರಿಗೆ ಬದನೆಕಾಯಿ ಹೆಚ್ಚಿದಳು. ಆಗಲೂ ಕೂಗಲಿಲ್ಲ. ಸೋಪಿನ ಡಬ್ಬಿಯಷ್ಟಿದ್ದ ಅದು ಒಲೆ ಪಕ್ಕದ ಹಲಗೆಯ ಮೇಲೆ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಹಸಿರು ಇದ್ದರೆ ಒಳಕೋಣೆಯಲ್ಲಿ ಮಲಗಿರುವ ಗಂಡ ಒಣಗಿದ್ದಾನೆ ಎಂದು ಅರ್ಥ. ಅವನ ಪ್ಯಾಡಿಗೆ ಸಿಕ್ಕಿಸಿದ ತೆಳ್ಳನೆಯ ಪಟ್ಟಿಗೆ ಹಸಿ ತಾಗಿದರೆ ದೀಪ ಕೆಂಪಾಗುತ್ತಿತ್ತು, ಪೆಟ್ಟಿಗೆ ಪಿಂಪೋನ್ ಎಂದು ಕೂಗುತ್ತಿತ್ತು. ಬಸ್ಸಿನಲ್ಲಿ ಇಳಿಯುವವರು ಗುಂಡಿ ಒತ್ತಿದಾಗ ಬರುತ್ತದಲ್ಲ, ಅದೇ ಸದ್ದು.

"ರೀ, ಎದ್ರಾ?"

"ಮಲಗಿದ್ದೆ ಯಾವಾಗ?"

ಪಾರ್ಶ್ವವಾಯು ಬಡಿದು ಬಲಗಡೆ ಪೂರ್ತಿ ಹೋದ ಮೇಲೆ ಶಿಗೆನೊರಿಯ ಮಾತು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನ ಮಾತಿನಂತಾಗಿತ್ತು. ಎಲ್ಲವೂ ತಿಳಿಯುತ್ತಿದ್ದುದು ಕಿನುಯೆಗೆ ಮಾತ್ರ. ಹೊದಿಕೆ ಸರಿಸಿ ನೋಡಿದಳು. ಪ್ಯಾಡಿನ ಒಂದು ಮೂಲೆಯಲ್ಲಿ ಮಾತ್ರ ತುಸು ಹಸಿ, ಪಟ್ಟಿಗೆ ತಾಗುವಷ್ಟಲ್ಲ. ಬಣ್ಣ ಬಾರ್ಲಿ ಚಹಾದ ಹಾಗೆ ಕಂದಾಗಿತ್ತು. ಸೆಖೆಯಲ್ಲವಾ ಎಂದುಕೊಂಡು ಬದಲಾಯಿಸಿದಳು.

ಚಹಾ ತಂದಳು. ಗಂಟಲಲ್ಲಿ ಇಳಿಯದೆ ಶ್ವಾಸಕ್ಕೆ ಹೋಗಬಾರದು ಎಂದು ಅದಕ್ಕೆ ಒಂದು ಪುಡಿ ಹಾಕಿ ಗಟ್ಟಿ ಮಾಡಬೇಕಿತ್ತು. ಅವನು ಎರಡು ಚಮಚ ನುಂಗಿ ತುಟಿ ಮುಚ್ಚಿದ.

"ಇನ್ನೊಂದು ಚಮಚ."

"ಇಡು, ಆಮೇಲೆ."

"ದಿನಾ ಆಮೇಲೆ ಅಂತೀರ, ಆಮೇಲೆ ಬರೋದೇ ಇಲ್ಲ."

"ಅದು ಚಹಾ ಅಲ್ಲ ಮಾರಾಯ್ತಿ. ಬಾಗಿಲಿಗೆ ಕಾಗದ ಅಂಟಿಸೋ ಗೋಂದು."

ಅವಳು ನಕ್ಕಳು. ಉಳಿದ ಚಹಾವನ್ನು ಅಡುಗೆಮನೆಯಲ್ಲಿ ತಾನೇ ನಿಂತು ತಿಂದಳು. ಕುಡಿಯಲಾಗುವುದಿಲ್ಲ, ತಿನ್ನಬೇಕು. ನಿಜವಾಗಿಯೂ ಗೋಂದೇ.

ಒಂಬತ್ತರ ಹೊತ್ತಿಗೆ ನೊತ್ಸು ಬಂದಳು. ಆರೈಕೆ ಕಚೇರಿಯವರು ಅವನ ಮೈ ತೊಳೆಯಲು ಕಳಿಸುತ್ತಿದ್ದ ಹೆಂಗಸು. ಐವತ್ತು ದಾಟಿದವಳು, ದೊಡ್ಡ ಗಂಟಲು. ಅವನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುತ್ತ ಕೂಗಿದಳು.

"ಅಮ್ಮಾ, ಬನ್ನಿ ಇಲ್ಲಿ. ಹುಣ್ಣಿದ್ದ ಜಾಗ ನೋಡಿ, ಮಗು ಕೆನ್ನೆ ಇದ್ದಂಗಿದೆ! ರಾತ್ರಿ ಎಷ್ಟು ಸಲ ಕೂಗ್ತು?"

"ಕೂಗ್ಲೇ ಇಲ್ಲ."

"ಅದಕ್ಕೇ ನಿಮ್ಮ ಕೆನ್ನೆ ಮೇಲೆ ದಿಂಬಿನ ಗೆರೆ. ನಿದ್ದೆ ಮಾಡಿದೀರ ನೀವು!"

ಕಿನುಯೆ ಕೆನ್ನೆ ಮುಟ್ಟಿಕೊಂಡಳು. ಹೌದು, ನಿದ್ದೆ ಮಾಡಿದ್ದಳು.

ಪೆಟ್ಟಿಗೆ ಬರುವ ಮೊದಲು ನಿದ್ದೆ ಎಂಬುದು ಇರಲಿಲ್ಲ. ಒದ್ದೆಯಾದರೆ ಹೇಳಿ ಎಂದರೆ ಶಿಗೆನೊರಿ ಹೇಳುತ್ತಿರಲಿಲ್ಲ. ಸೊಂಟದ ಕೆಳಗೆ ಅವನಿಗೇ ಗೊತ್ತಾಗುತ್ತಿರಲಿಲ್ಲವೋ, ಗೊತ್ತಾದರೂ ನಾಚಿಕೆಗೆ ಬಾಯಿ ಬಿಡುತ್ತಿರಲಿಲ್ಲವೋ. ಅವಳೇ ಗಳಿಗೆಗೊಮ್ಮೆ ಎದ್ದು ಕೈ ಹಾಕಿ ನೋಡಬೇಕಿತ್ತು. ಒಮ್ಮೊಮ್ಮೆ ಏಳಲು ಆಗುತ್ತಿರಲಿಲ್ಲ. ಹಸಿಯಲ್ಲೇ ಬಿದ್ದು ಬಾಲದ ಮೂಳೆಯ ಹತ್ತಿರ ಚರ್ಮ ಹೋಯಿತು. ಹುಣ್ಣು ಆಳವಾಯಿತು. ಆರೈಕೆ ಕಚೇರಿಯವರು ಬಂದು, ಇನ್ನೂ ಆಳವಾದರೆ ಮನೆಯಲ್ಲಿ ಇಡಲಾಗುವುದಿಲ್ಲ, ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ಸೇರಿಸಬೇಕು ಎಂದರು.

ಅವರು ಹೋದ ಮೇಲೆ ಶಿಗೆನೊರಿ ಎಡಗೈಯಿಂದ ಹೆಂಡತಿಯ ಏಪ್ರನ್ ಹಿಡಿದುಕೊಂಡ.

"ಅಲ್ಲಿಗೆ ಬೇಡ."

"ಯಾರು ಕಳಿಸ್ತಾರೆ?"

"ಎಷ್ಟು ಜನಾನ ಅಲ್ಲಿ ಇಳಿಸಿದೀನಿ ಗೊತ್ತಾ? ಬಟ್ಟೆ ಗಂಟು ಹಿಡ್ಕೊಂಡು ಇಳೀತಾರೆ. ವಾಪಸ್ ಹತ್ತಿದವರನ್ನ ಒಬ್ಬರನ್ನೂ ನೋಡಿಲ್ಲ."

ಅವನು ಬಸ್ಸಿನ ಡ್ರೈವರ್. ಬಂದರು ಪೇಟೆಯಿಂದ ಹೊರಟು ಕಣಿವೆಯುದ್ದಕ್ಕೂ ಹತ್ತಿ, ಆಶ್ರಮದ ಗುಡ್ಡ ಬಳಸಿ, ಕೊನೆಯ ನಿಲ್ದಾಣವಾದ ತೋಚಿಬಾರಾದಲ್ಲಿ ತಿರುಗುವ ಬಸ್ಸನ್ನು ತಲೆ ನರೆಯುವವರೆಗೂ ಓಡಿಸಿದವನು. ಮದುವೆಯಾದಾಗ ಬಸ್ಸು ತಿರುಗುವ ಬಯಲಿನ ಎದುರೇ ಮನೆ ಹಿಡಿದ. ಮಕ್ಕಳಾಗಲಿಲ್ಲ. ಮನೆಯಲ್ಲಿ ಇಬ್ಬರು, ಎದುರಿಗೆ ಬಸ್ಸು, ಅಷ್ಟೇ.

ಮನೆಯಲ್ಲೇ ಇರಲಿ ಎಂದು ಪೆಟ್ಟಿಗೆ ತರಿಸಿದ್ದು. ಮೊದಲ ಸಲ ಅದು ಕೂಗಿದಾಗ ಶಿಗೆನೊರಿಯ ಕಣ್ಣು ಮೇಲಕ್ಕೆ ಹೋಯಿತು, ಬಸ್ಸಿನೊಳಗಿನ ಕನ್ನಡಿ ನೋಡುವವನ ಹಾಗೆ.

"ಯಾರೋ ಇಳಿಯೋರಿದಾರೆ," ಎಂದ.

ಇಬ್ಬರೂ ತುಂಬ ನಕ್ಕರು. ಪಕ್ಕದ ಮನೆಯ ಹತ್ಸುನೊಗೂ ಅದು ಕೇಳಿಸುತ್ತಿತ್ತು. ಎಂಬತ್ತಾರರ ಮುದುಕಿ, ಬಾಯಿಗೆ ಬೀಗವಿಲ್ಲ. ಬೇಲಿಯಾಚೆಯಿಂದಲೇ ಕೂಗುತ್ತಿದ್ದಳು: "ಕಿನುಯೆ, ನಿನ್ ಗಂಡನ ಬಸ್ಸು ನಿಲ್ತು ನೋಡು!" ಶಿಗೆನೊರಿ ಅದಕ್ಕೂ ನಗುತ್ತಿದ್ದ. ಆಮೇಲಾಮೇಲೆ ನಗುವುದು ಕಡಿಮೆಯಾಯಿತು. ಬೇಸಿಗೆ ಬಂದಂತೆ ಪೆಟ್ಟಿಗೆ ಕೂಗುವುದೂ ಕಡಿಮೆಯಾಯಿತು. ಕೂಗದಿದ್ದರೆ ಹುಣ್ಣಿಲ್ಲ, ಹುಣ್ಣಿಲ್ಲದಿದ್ದರೆ ಆಶ್ರಮವಿಲ್ಲ. ಕಿನುಯೆಗೆ ಬೇಕಿದ್ದದ್ದು ಅಷ್ಟೇ. ಹಸಿರು ದೀಪ ಕಂಡರೆ ಅವಳ ಎದೆ ಹಗುರಾಗುತ್ತಿತ್ತು.

ನೊತ್ಸು ಅವನಿಗೆ ಅಂಗಿ ತೊಡಿಸಿ ಕೈ ತೊಳೆದುಕೊಂಡಳು. "ಅಮ್ಮಾ, ತಲೆ ನೋಡ್ಕೊಂಡಿದೀರಾ? ಕಾಗೆ ಗೂಡು. ಪೇಟೆಗೆ ಹೋಗಿ ಕೂದಲು ಕತ್ತರಿಸ್ಕೊಂಡು ಬನ್ನಿ."

"ಇವರನ್ನ ಬಿಟ್ಟು?"

"ಪಕ್ಕದ ಅಜ್ಜಿ ಕೂತ್ಕೋತಾರೆ. ಪೆಟ್ಟಿಗೆ ಹೇಗೂ ಸುಮ್ನಿದೆ."

"ಹೋಗು," ಎಂದ ಶಿಗೆನೊರಿ. "ಹೋಗ್ಬಾ. ನಾನೆಲ್ಲಿ ಓಡಿಹೋಗ್ತೀನಿ?"

ಹತ್ಸುನೊ ಅರ್ಧ ಕಲ್ಲಂಗಡಿ ಹೊತ್ತುಕೊಂಡು ಬಂದು ಹಾಸಿಗೆಯ ಪಕ್ಕ ಕೂತಳು, ಪೆಟ್ಟಿಗೆಯನ್ನು ಬೆಕ್ಕಿನ ಹಾಗೆ ತೊಡೆಯ ಮೇಲಿಟ್ಟುಕೊಂಡು. ಕಿನುಯೆ ಮನೆ ಎದುರಿನ ಬಸ್ಸು ಹತ್ತಿದಳು. ದಾರಿಯಲ್ಲಿ ಯಾರೋ ಗುಂಡಿ ಒತ್ತಿದರು. ಪಿಂಪೋನ್. ಕಿನುಯೆ ತಟ್ಟನೆ ಎದ್ದು ನಿಂತಳು. ಎದುರು ಸೀಟಿನವಳು, "ಇಲ್ಲೇ ಇಳೀತೀರಾ?" ಎಂದಳು. ಇಲ್ಲ ಎಂದು ಕೂತಳು. ಕೂತು ಒಬ್ಬಳೇ ನಕ್ಕಳು. ಅಂಗಡಿಯಲ್ಲಿ ಕೂದಲು ತೊಳೆಯುವಾಗ ಯಾರದೋ ಬೆರಳು ತನ್ನ ತಲೆ ಮುಟ್ಟಿ ಎಷ್ಟು ಕಾಲವಾಯಿತು ಎಂದು ಅನ್ನಿಸಿತು. ಬರುವಾಗ ಹುರಿದ ಮೀನಿನ ಬಿಲ್ಲೆ ಕಟ್ಟಿಸಿಕೊಂಡಳು.

ಶಿಗೆನೊರಿ ಅವಳ ತಲೆಯನ್ನು ಬಹಳ ಹೊತ್ತು ನೋಡಿದ.

"ಹೇಗಿದೆ?"

"ಕೋಳಿ ಪುಕ್ಕ ಕಿತ್ತಂಗಿದೆ."

"ನಿಮ್ಮನ್ನ ಕೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ."

"ಕೋಳೀನೂ ಚೆನ್ನಾಗೇ ಇರುತ್ತೆ," ಎಂದ.

ಸಂಜೆ ಮೀನಿನ ಬಿಲ್ಲೆಯನ್ನು ಅರೆದು ಕೊಟ್ಟಳು. ಸ್ವಲ್ಪ ತಿಂದ. ಚಹಾ ಬೇಡವೆಂದ. ಬೇಗ ಕಣ್ಣು ಮುಚ್ಚಿದ. ಅವಳೂ ಮಲಗಿದಳು. ಪೆಟ್ಟಿಗೆ ಹಸಿರಾಗಿತ್ತು.

ಮಾರನೆಯ ಬೆಳಿಗ್ಗೆ ಅವನು ಏಳಲಿಲ್ಲ. ಉಸಿರಿತ್ತು. ಕರೆದರೆ ರೆಪ್ಪೆ ಅಲುಗಲಿಲ್ಲ. ಬಾಯಿ ಬಿಡಿಸಿ ನೋಡಿದಳು. ನಾಲಗೆ ಒಣಗಿ ಬೂಟಿನ ಚರ್ಮದಂತಾಗಿತ್ತು. ಪ್ಯಾಡು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಬೆಳ್ಳಗೆ.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ನೀರು ಎಷ್ಟು ಕುಡೀತಿದ್ರು?"

"ಪೆಟ್ಟಿಗೆ ಕೂಗ್ತಿರಲಿಲ್ಲ," ಎಂದಳು ಕಿನುಯೆ.

"ಪೆಟ್ಟಿಗೆ ಅಲ್ಲಮ್ಮ. ನೀರು."

ಮೈಯಲ್ಲಿ ನೀರೇ ಇಲ್ಲ, ರಕ್ತ ಗಟ್ಟಿಯಾಗಿ ತಲೆಯಲ್ಲಿ ಮತ್ತೆ ಕಟ್ಟಿಕೊಂಡಿದೆ ಎಂದರು ಡಾಕ್ಟರ್. ಕೈಗೆ ಸೂಜಿ ಚುಚ್ಚಿ ನೀರು ಏರಿಸಿದರು. ತಡವಾಗಿತ್ತು. ಆ ವಾರ ಮುಗಿಯುವ ಮೊದಲೇ ಶಿಗೆನೊರಿ ಅಲ್ಲಿಯೇ ಹೋದ. ಮನೆಯಲ್ಲಲ್ಲ.

ಹೆಣವನ್ನು ಮನೆಗೆ ತಂದರು. ಹಾಸಿಗೆ ಹಾಸಿ ತಲೆ ಉತ್ತರಕ್ಕೆ ಮಾಡಿ ಮಲಗಿಸಿದರು. ಶವಸಂಸ್ಕಾರದವನು ಬಟ್ಟಲಲ್ಲಿ ನೀರಿಟ್ಟು, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕಿನುಯೆಯ ಕೈಗೆ ಕೊಟ್ಟ. ಹೋದವರಿಗೆ ಕೊನೆಯ ನೀರು. ತುಟಿ ಒದ್ದೆ ಮಾಡಿದರೆ ಸಾಕು. ಹೆಂಡತಿ ಮೊದಲು, ಆಮೇಲೆ ಉಳಿದವರು.

ಕಿನುಯೆ ತುಟಿ ಒದ್ದೆ ಮಾಡಿದಳು. ಮತ್ತೆ ಅದ್ದಿದಳು, ಮತ್ತೆ ಒದ್ದೆ ಮಾಡಿದಳು. ಮತ್ತೆ ಅದ್ದಿದಳು. ನೀರು ಬಾಯಿಯ ಮೂಲೆಯಿಂದ ಇಳಿದು ಗದ್ದದ ಕೆಳಗೆ ಬಿಳಿ ಬಟ್ಟೆಗೆ ಹೋಯಿತು.

"ಸಾಕಮ್ಮ," ಎಂದ ಶವಸಂಸ್ಕಾರದವನು ಮೆಲ್ಲಗೆ. "ಬಟ್ಟೆ ಒದ್ದೆಯಾಗುತ್ತೆ."

"ಆಗಲಿ."

ಅವಳು ಬಟ್ಟಲು ಖಾಲಿಯಾಗುವವರೆಗೂ ಬಿಡಲಿಲ್ಲ. ಉಳಿದವರಿಗೆ ಬೇರೆ ನೀರು ತರಬೇಕಾಯಿತು.

ಸಂಜೆ ಜನ ಬಂದರು. ಧೂಪ ಹಚ್ಚಿ, ಸುಶಿ ತಿಂದು, ಬಿಯರ್ ಕುಡಿದು, ಹೋದವನ ಬಗ್ಗೆ ಮಾತಾಡುವ ಹೊತ್ತು. ಬಸ್ಸು ಕಂಪನಿಯಿಂದ ಉಶಿಯೊ ಬಂದಿದ್ದ. ಶಿಗೆನೊರಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಡ್ರೈವರ್, ಈಗ ಅವನಿಗೂ ತಲೆ ಬೋಳು. ಎರಡು ಗ್ಲಾಸು ಇಳಿದ ಮೇಲೆ ಅವನ ಬಾಯಿ ಬಿಚ್ಚಿತು.

"ಶಿಗೆನೊರಿ ಸಾನ್ ನನಗೆ ಮೊದಲನೇ ದಿನ ಹೇಳಿದ್ದೇ ಇದು. ಗಾಡಿ ಓಡಿಸೋ ದಿನ ಚಹಾ ಮುಟ್ಟಬೇಡ. ಬಸ್ಸು ಜನರದ್ದು, ನಿನ್ನ ಉಚ್ಚೆ ನಿಂದು. ಅವರ ಟೈಮಲ್ಲಿ ನಿನ್ನ ಕೆಲಸಕ್ಕೆ ಗಾಡಿ ನಿಲ್ಲಿಸೋ ಹಾಗಿಲ್ಲ ಅಂತ. ರಿಟೈರಾಗೋವರೆಗೂ ತನಗೋಸ್ಕರ ಒಂದೇ ಒಂದು ಸಲ ನಿಲ್ಲಿಸಿಲ್ಲ ಮನುಷ್ಯ!"

ಎಲ್ಲರೂ ತಲೆಯಾಡಿಸಿದರು. ಹೆಮ್ಮೆಯ ಮಾತು ಅದು. ಕಿನುಯೆಗೆ ಹೊಸದಲ್ಲ. ಅವನ ಊಟದ ಡಬ್ಬಿಗೆ ಅವಳು ಎಂದೂ ಸಾರು ಹಾಕಿದವಳಲ್ಲ. ಒಣ ಅನ್ನ, ಉಪ್ಪು ಮೀನು, ಉಪ್ಪಿನಕಾಯಿ ಹಾಕಿದ ಪ್ಲಮ್. ಬೆಳಿಗ್ಗೆ ಅರ್ಧ ಬಟ್ಟಲು ಚಹಾ, ಅದೂ ಬಾಯಿ ಒದ್ದೆಯಾಗಲು. ಡ್ರೈವರುಗಳ ಹೆಂಡತಿಯರೆಲ್ಲ ಹಾಗೆಯೇ ಕಟ್ಟುತ್ತಿದ್ದರು.

ಆಗ ಹತ್ಸುನೊ ಮೂಲೆಯಿಂದ ಮಾತಾಡಿದಳು. "ಅದಕ್ಕೇ ಹಾಗಂದ್ನೇನೋ."

"ಹೇಗಂದ್ರು ಅಕ್ಕ?" ಕೇಳಿದಳು ಕಿನುಯೆ.

"ನೀನು ತಲೆ ಕತ್ತರಿಸ್ಕೊಳ್ಳೋಕೆ ಹೋಗಿದ್ಯಲ್ಲ. ಕಲ್ಲಂಗಡಿ ಹಿಸುಕಿ ಬಾಯಿಗೆ ಹಿಡಿದೆ. ಬೇಡ ಅಂದ. ಯಾಕೋ, ಗೋಂದಲ್ಲ ಇದು ತಿನ್ನು ಅಂದೆ. ಬೇಡ ಅಕ್ಕ, ಗಾಡಿ ನಿಲ್ಸೋಕಾಗಲ್ಲ, ನಿಂತ್ರೆ ಅವಳಿಗೆ ನಿದ್ದೆ ಕೆಡುತ್ತೆ, ಅವಳು ಬಿದ್ದುಹೋದ್ರೆ ನನ್ನ ಗುಡ್ಡದ ಮೇಲೆ ಇಳಿಸ್ತಾರೆ ಅಂದ. ಬಾಯಲ್ಲಿ ಅರ್ಧ ಮಾತು, ನಾನು ತಮಾಷೆ ಅಂದ್ಕೊಂಡೆ. ನಕ್ಕೂ ಬಿಟ್ಟೆ ಕಣೇ."

ಯಾರೋ ಬಿಯರ್ ಬಾಟಲಿಯನ್ನು ಚಾಪೆಯ ಮೇಲಿಟ್ಟರು.

"ಕಲ್ಲಂಗಡಿ ಏನಾಯ್ತು?" ಎಂದಳು ಕಿನುಯೆ.

"ನಾನೇ ತಿಂದೆ."

ಕಿನುಯೆ ಎದ್ದು ಅಡುಗೆಮನೆಗೆ ಹೋದಳು. ಹಲಗೆಯ ಮೇಲೆ ಪೆಟ್ಟಿಗೆ ಇನ್ನೂ ಇತ್ತು, ಇನ್ನೂ ಹಸಿರು. ಪಟ್ಟಿ ಎಲ್ಲೋ ತೊಳೆದ ಬಟ್ಟೆಗಳ ನಡುವೆ ಬಿದ್ದು ಒಣಗಿದ್ದೇನೆ ಎಂದು ಹೇಳುತ್ತಿತ್ತು. ಅವನ ಹಳೆಯ ಅಭ್ಯಾಸ ಅವಳಿಗೆ ಗೊತ್ತಿತ್ತು. ಚಹಾ ಬೇಡವೆನ್ನುತ್ತಿದ್ದದ್ದು ಗೊತ್ತಿತ್ತು. ಪ್ಯಾಡಿನ ಬಣ್ಣ ಗೊತ್ತಿತ್ತು. ಅವಳ ಎರಡು ಕಣ್ಣೂ ಆ ಹಸಿರು ದೀಪದ ಮೇಲಿದ್ದವು, ಅದಕ್ಕೇ ಉಳಿದದ್ದು ಕಾಣಲಿಲ್ಲ. ದೀಪ ತಪ್ಪು ಹೇಳಿರಲಿಲ್ಲ. ಅವನು ಒಣಗಿದ್ದ.

ಅವನು ಮನೆಯಲ್ಲಿ ಉಳಿಯಬೇಕು ಎಂದು ಅವಳು ನಿದ್ದೆಗೆಟ್ಟಳು. ಮನೆಯಲ್ಲಿ ಉಳಿಯಬೇಕು ಎಂದು ಅವನು ನೀರು ಕುಡಿಯುವುದು ಬಿಟ್ಟ. ಒಬ್ಬರಿಗೊಬ್ಬರು ಹೇಳಲಿಲ್ಲ. ತೊಂದರೆ ಕೊಡಬಾರದು ಎಂದು ಇಬ್ಬರನ್ನೂ ಬೆಳೆಸಿದ್ದರು, ಇಬ್ಬರೂ ಚೆನ್ನಾಗಿ ಕಲಿತಿದ್ದರು.

ಎಲ್ಲ ಮುಗಿದ ಮೇಲೆ ನೊತ್ಸು ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಳು. ಅದು ಬಾಡಿಗೆಯದು, ಕಾಯುತ್ತಿರುವವರು ಬೇರೆ ಇದ್ದರು. ಅವಳ ದೊಡ್ಡ ಗಂಟಲು ಆ ದಿನ ಚಿಕ್ಕದಾಗಿತ್ತು.

"ನಾನೇ ಹೇಳ್ದೆ, ಹೋಗ್ಬನ್ನಿ ಅಂತ. ಕೂಗ್ತಿಲ್ಲ ಚೆನ್ನಾಗಿದೆ ಅಂತ. ನನಗೆ ಗೊತ್ತಾಗಬೇಕಿತ್ತು."

"ನಿನಗಿಂತ ಮೊದಲು ನನಗೆ," ಎಂದಳು ಕಿನುಯೆ. "ತಗೊಂಡು ಹೋಗು. ಯಾರ ಮನೆಗೆ ಕೊಡ್ತೀಯೋ ಅವರಿಗೆ ಹೇಳು. ಕೂಗದೇ ಇದ್ರೆ ಎದ್ದು ನೋಡ್ಬೇಕು ಅಂತ ಹೇಳು."

ನೊತ್ಸು ಹೂಂ ಎಂದಳು. ಪೆಟ್ಟಿಗೆ ಇದ್ದ ಜಾಗದಲ್ಲಿ ಹಲಗೆಯ ಮೇಲೆ ಎಣ್ಣೆ ಜಿಡ್ಡಿಲ್ಲದ ಒಂದು ಚೌಕ ಉಳಿಯಿತು. ಕಿನುಯೆ ಅದನ್ನು ಹಾಗೇ ಬಿಟ್ಟಳು.

ಮನೆ ಸುಮ್ಮನಾಯಿತು. ನಿದ್ದೆಗೇನು ಕೊರತೆ ಈಗ? ನಿದ್ದೆ ಬರಲಿಲ್ಲ. ಅನ್ನ ಇಬ್ಬರಿಗೆ ಬೇಯುತ್ತಿತ್ತು, ಅಳತೆ ಕೈ ಬಿಡಲಿಲ್ಲ. ಉಳಿದದ್ದನ್ನು ಮಾರನೆಯ ದಿನ ತಿಂದಳು. ಮಾತಾಡಲು ಬಾಯಿ ತೆರೆದರೆ ಅದು ಹತ್ಸುನೊ ಬೇಲಿಯ ಹತ್ತಿರ ಬಂದ ದಿನ ಮಾತ್ರ. ಚಳಿ ಶುರುವಾದ ಮೇಲೆ ಮುದುಕಿ ಬೇಲಿಯ ಹತ್ತಿರವೂ ಬರುತ್ತಿರಲಿಲ್ಲ. ಎದುರಿನ ಬಯಲಿನಲ್ಲಿ ಬಸ್ಸು ಬಂದು ತಿರುಗುವಾಗ ಒಮ್ಮೊಮ್ಮೆ ಕೊನೆಯ ಪ್ರಯಾಣಿಕ ಗುಂಡಿ ಒತ್ತುತ್ತಿದ್ದ. ಕೊನೆಯ ನಿಲ್ದಾಣದಲ್ಲಿ ಒತ್ತುವ ಅಗತ್ಯವೇ ಇಲ್ಲ, ಆದರೂ ಒತ್ತುತ್ತಾರೆ. ಬಾಗಿಲು ತೆರೆದಾಗ ಆ ಸದ್ದಿನ ಬಾಲ ಮನೆಯವರೆಗೆ ಬರುತ್ತಿತ್ತು. ಕಿನುಯೆ ಕೈಯಲ್ಲಿದ್ದದ್ದು ಬಿಟ್ಟು ಒಳಕೋಣೆಯ ಬಾಗಿಲವರೆಗೂ ಹೋಗಿ ನಿಲ್ಲುತ್ತಿದ್ದಳು.

ಒಂದು ದಿನ ಬೆಳಿಗ್ಗೆ, ಹಿಮ ಬಿದ್ದಿತ್ತು, ಕಿಟಕಿಯಿಂದ ನೋಡಿದಳು. ಉಶಿಯೊ ಬಸ್ಸಿನಿಂದ ಇಳಿದು ಬಯಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಒಂದು ಕಾಲ ಮೇಲೊಂದು ಕಾಲು ಹಾಕಿ ನಿಲ್ಲುವನು, ಗಡಿಯಾರ ನೋಡುವನು, ಮತ್ತೆ ನಡೆಯುವನು. ಬಯಲಿನಲ್ಲಿ ಕಕ್ಕಸು ಇಲ್ಲ. ಎಂದೂ ಇರಲಿಲ್ಲ. ಗಂಡನೂ ಅಲ್ಲಿ ಹಾಗೆ ನಡೆಯುತ್ತಿದ್ದ. ಚಳಿಗೆ ಕಾಲು ಬಿಸಿ ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳು ತಿಳಿದುಕೊಂಡಿದ್ದಳು. ಮನೆ ಎದುರಿಗೇ ಇದ್ದರೂ ಕೆಲಸದ ಹೊತ್ತಲ್ಲಿ ಅವನು ಒಳಗೆ ಬಂದವನಲ್ಲ.

ಅವಳು ಚಪ್ಪಲಿ ಮೆಟ್ಟಿ ಹೋದಳು.

"ಉಶಿಯೊ ಸಾನ್, ಮನೆಗೆ ಬನ್ನಿ. ಕಕ್ಕಸಿಗೆ ಹೋಗಿ."

"ಅಯ್ಯೋ, ಬೇಡ ಅಮ್ಮ. ನಿಮಗ್ಯಾಕೆ ತೊಂದ್ರೆ."

"ತೊಂದ್ರೆ ಏನ್ರೀ ಅದರಲ್ಲಿ? ನಾನು ಎತ್ತಿ ಕೂರಿಸ್ತೀನಾ?"

ಉಶಿಯೊ ಕೆಂಪಗಾದ. "ಪರವಾಗಿಲ್ಲ ಅಮ್ಮ, ಪೇಟೆ ಮುಟ್ಟೋವರೆಗೂ ತಡೀತೀನಿ. ಅಭ್ಯಾಸ ಇದೆ."

"ಅವರಿಗೂ ಅಭ್ಯಾಸ ಇತ್ತು."

ಉಶಿಯೊ ಟೋಪಿ ತೆಗೆದು ತಲೆ ತಗ್ಗಿಸಿದ. ಆಮೇಲೆ ಅವಳ ಹಿಂದೆ ಬಂದ. ಹೋಗುವಾಗ ಬಾಗಿಲಲ್ಲಿ ಮೂರು ಸಲ ಕ್ಷಮೆ ಕೇಳಿದ.

ಆದರೆ ಮಾರನೆಯ ದಿನ ಬರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಕಾದದ್ದು ಕಂಡು ಬಸ್ಸಿನೊಳಗೇ ಕೂತುಬಿಟ್ಟ. ಬೇರೆ ಡ್ರೈವರುಗಳೂ ಹಾಗೆಯೇ. ಹೆಂಗಸೊಬ್ಬಳು ನಿಂತು ನೋಡುತ್ತಿದ್ದರೆ ಯಾವ ಗಂಡಸು ಬರುತ್ತಾನೆ? ಅದಕ್ಕೆ ಅವಳು, ಹಿಂಬಾಗಿಲು ತೆರೆದಿರುತ್ತದೆ ಎಂದು ಉಶಿಯೊನ ಕೈಲಿ ಎಲ್ಲರಿಗೂ ಹೇಳಿಕಳಿಸಿ, ನಿಲ್ಲುವುದನ್ನು ಬಿಟ್ಟಳು.

ಈಗ ಕಿನುಯೆ ದಿನಾ ಬೆಳಿಗ್ಗೆ ಮೊದಲ ಬಸ್ಸು ಬರುವ ಮುಂಚೆ ಎದ್ದು ಕಕ್ಕಸು ತೊಳೆಯುತ್ತಾಳೆ. ಹಿಂಬಾಗಿಲ ಚಿಲಕ ತೆಗೆಯುತ್ತಾಳೆ. ಹಾದಿಯಲ್ಲಿ ಹಿಮ ಬಿದ್ದಿದ್ದರೆ ಬಯಲಿನಿಂದ ಹಿಂಬಾಗಿಲವರೆಗೆ ಗುಡಿಸುತ್ತಾಳೆ. ಕೈ ಒರೆಸಲು ಒಗೆದ ಟವೆಲ್ ಒಂದನ್ನು ಮೊಳೆಗೆ ಹಾಕಿ, ಮುಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಕೂರುತ್ತಾಳೆ. ಬಸ್ಸು ಹೊರಟ ಸದ್ದು ಕೇಳಿದ ಮೇಲೆ ಎದ್ದು ಹೋಗಿ ಟವೆಲ್ ಮುಟ್ಟಿ ನೋಡುತ್ತಾಳೆ. ಹೆಚ್ಚಿನ ದಿನ ಒಣಗಿರುತ್ತದೆ. ಒಣಗಿದ್ದರೂ ತೆಗೆದು ಒಗೆಯಲು ಹಾಕಿ, ಬೇರೆಯದು ತೂಗುಹಾಕುತ್ತಾಳೆ.